ಒಂದು ಲೋಟ ಚಾಕೊಲೇಟ್ ವೆನಿಲಾ ಪೋರ್ಟರ್, 5ರಿಂದ 16 ಡಿಗ್ರಿವರೆಗೆ

ಲೋಟಕ್ಕೆ ಸುರಿದ ಕೂಡಲೇ ಅಡುಗೆಮನೆಯ ಥರ್ಮಾಮೀಟರ್ ಅದ್ದಿ ನೋಡಿದಾಗ ಪೋರ್ಟರ್ ಎಂಬ ಈ ಕಡುಕಂದು ಬಿಯರ್ 5 ಡಿಗ್ರಿ ಸೆಲ್ಸಿಯಸ್ ಇತ್ತು, ಕೋಣೆ 26. ಬಾಟಲಿ 330 ಮಿ.ಲೀ.ನದು. ಇಬ್ಬರಿಗೆ ತಲಾ 150, ತಳದ ಗಸಿಯ ಜೊತೆ ಉಳಿಯುವ 30 ಮಿ.ಲೀ. ಕೊನೆಗೆ. ಆಲ್ಕೋಹಾಲ್ ಶೇಕಡ 5.8. ಮುಂದಿನ ಮುಕ್ಕಾಲು ಗಂಟೆಯಲ್ಲಿ ಇದೇ ಲೋಟ ನಾಲ್ಕು ಬೇರೆ ಬೇರೆ ಬಿಯರ್‌ಗಳ ಹಾಗೆ ನಡೆದುಕೊಂಡಿತು. "ಹೆಸರಿಗಷ್ಟೇ ಚಾಕೊಲೇಟ್", "ವೆನಿಲಾ ಎಲ್ಲಿದೆ ಹುಡುಕಿಕೊಡಿ" ಎಂಬಂಥ ದೂರುಗಳು ಹೆಚ್ಚಾಗಿ ಹುಟ್ಟುವುದು ಮೊದಲ ಐದು ನಿಮಿಷದಲ್ಲೇ ಲೋಟ ಬರಿದು ಮಾಡುವವರ ಬಾಯಲ್ಲಿ.

ಮುಚ್ಚಳ ತೆಗೆಯುವ ಮೊದಲು ಲೇಬಲ್ ಓದಬೇಕು. ಈ ಬಾಟಲಿಯ ಮೇಲೆ ಕೋಕೋ ನಿಬ್ಸ್ ಮತ್ತು ವೆನಿಲಾ ಬೀನ್ ಎಂದು ಬರೆದಿತ್ತು. ಬರೀ "ಚಾಕೊಲೇಟ್ ವೆನಿಲಾ ಫ್ಲೇವರ್" ಎಂದಿದ್ದರೆ ಅದು ಎಸೆನ್ಸ್ ಆಗಿರುವ ಸಾಧ್ಯತೆಯೇ ಹೆಚ್ಚು. ನಿಬ್ಸ್ ಎಂದರೆ ಹುದುಗು ಬರಿಸಿ, ಒಣಗಿಸಿ, ಹುರಿದು, ಸಿಪ್ಪೆ ಬಿಡಿಸಿ ಒಡೆದ ಕೋಕೋ ಬೀಜದ ನುಚ್ಚು. ಅದರಲ್ಲಿ ಸೇರಿಸಿದ ಸಕ್ಕರೆ ಇಲ್ಲ, ಹಾಲಿಲ್ಲ. "ಚಾಕೊಲೇಟ್ ಮಾಲ್ಟ್" ಎಂಬ ಪದ ಕಂಡರೆ ಮೋಸಹೋಗಬೇಡಿ. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ; ಚಾಕೊಲೇಟ್ ಎಂಬುದು ಬಣ್ಣದ ಹೆಸರು, ಅದರಲ್ಲಿ ಕೋಕೋದ ಒಂದು ಕಣವೂ ಇರುವುದಿಲ್ಲ. ಲ್ಯಾಕ್ಟೋಸ್ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಹಾಲಿನ ಈ ಸಕ್ಕರೆಯನ್ನು ಬಿಯರ್ ಯೀಸ್ಟ್ ತಿನ್ನಲಾರದು, ಹಾಗಾಗಿ ಸಿಹಿಯಾಗಿಯೇ ಉಳಿಯುತ್ತದೆ. ಹಾಲು ಒಗ್ಗದವರಿಗೆ ಇದು ರುಚಿಯ ಪ್ರಶ್ನೆಯಷ್ಟೇ ಅಲ್ಲ. ಕೊನೆಯದು ಬಾಟಲಿ ತುಂಬಿದ ದಿನಾಂಕ. ಕಪ್ಪು ಬಿಯರ್ ವರ್ಷಗಟ್ಟಲೆ ಇಡಬಹುದು ಎಂಬ ಮಾತು ಆಲ್ಕೋಹಾಲ್ ಜಾಸ್ತಿ ಇರುವ ಜಾತಿಗಳಿಗೆ ಒಪ್ಪುತ್ತದೆ. ಆರು ಶೇಕಡದೊಳಗಿನ ವೆನಿಲಾ ಪೋರ್ಟರ್ ಹಾಗಲ್ಲ, ತಿಂಗಳುಗಳು ಕಳೆದಂತೆ ವೆನಿಲಾ ಮಂಕಾಗುತ್ತದೆ. ಈ ಬಾಟಲಿಗೆ ಎರಡು ತಿಂಗಳಾಗಿತ್ತು.

ಬಾಟಲಿಯನ್ನು ಹಿಂದಿನ ರಾತ್ರಿಯಿಂದಲೇ ನೆಟ್ಟಗೆ ನಿಲ್ಲಿಸಿದ್ದು ಗಸಿ ತಳ ಸೇರಲೆಂದು. ಮಲಗಿಸಿ ಇಟ್ಟ ಬಾಟಲಿಯಲ್ಲಿ ಯೀಸ್ಟೂ ಕೋಕೋ ಪುಡಿಯೂ ಗೋಡೆಗುಂಟ ಹರಡಿಕೊಂಡು, ಸುರಿಯುವಾಗ ಮೊದಲ ಲೋಟಕ್ಕೇ ಇಳಿದುಬಿಡುತ್ತವೆ.

ಲೋಟದ ವಿಷಯದಲ್ಲಿ ಸ್ವಲ್ಪ ಹಟ ಇರಲಿ. ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಟ್ಯೂಲಿಪ್ ಲೋಟ ಒಳ್ಳೆಯದು. ವೈನ್ ಲೋಟವಾದರೂ ಆಗುತ್ತದೆ. ಆಕಾರಕ್ಕಿಂತ ಮುಖ್ಯವಾದದ್ದು ಜಿಡ್ಡು. ಕಣ್ಣಿಗೆ ಫಳಫಳ ಹೊಳೆಯುವ ಲೋಟದಲ್ಲೂ ಸೋಪಿನ ಅಥವಾ ಎಣ್ಣೆಯ ತೆಳು ಪೊರೆ ಇರಬಹುದು. ಪರೀಕ್ಷೆ ಸುಲಭ: ಒಳಗೆಲ್ಲ ನೀರಾಡಿಸಿ ಚೆಲ್ಲಿ. ನೀರು ಒಂದೇ ಹಾಳೆಯಂತೆ ಜಾರಿದರೆ ಲೋಟ ಶುದ್ಧ. ಹನಿಹನಿಯಾಗಿ ಒಡೆದು ಅಲ್ಲಲ್ಲಿ ನಿಂತರೆ ಇನ್ನೊಮ್ಮೆ ತೊಳೆಯಬೇಕು. ಬಟ್ಟೆಯಿಂದ ಒರೆಸಬೇಡಿ, ಬಟ್ಟೆಯ ನೂಲೂ ವಾಸನೆಯೂ ಅಂಟಿಕೊಳ್ಳುತ್ತವೆ. ಬೋರಲು ಹಾಕಿ ಆರಲು ಬಿಟ್ಟು, ಸುರಿಯುವ ಮುನ್ನ ತಣ್ಣೀರಿನಲ್ಲಿ ಒಮ್ಮೆ ಜಾಲಾಡಿದರೆ ಸಾಕು. ಫ್ರೀಜರಿನಲ್ಲಿಟ್ಟು ಮಂಜು ಹಿಡಿಸಿದ ಲೋಟವಂತೂ ಬೇಡವೇ ಬೇಡ. ಆ ಮಂಜು ಕರಗಿ ಬಿಯರಿಗೆ ನೀರು ಬೆರೆಯುತ್ತದೆ, ಘಮವೂ ಸತ್ತುಹೋಗುತ್ತದೆ.

ಸುರಿಯುವಾಗ ಲೋಟವನ್ನು 45 ಡಿಗ್ರಿ ಓರೆ ಹಿಡಿದು ಅರ್ಧ ತುಂಬಿಸಿ, ಆಮೇಲೆ ನೆಟ್ಟಗೆ ಮಾಡಿ ನಡುಮಧ್ಯಕ್ಕೆ ಸುರಿಯುವುದು ರೂಢಿ. ಈ ಬಾಟಲಿಯಲ್ಲಿ ಎರಡು ಬೆರಳು ದಪ್ಪ, ತಿಳಿಕಂದು ನೊರೆ ಎದ್ದಿತು. ಎರಡೇ ನಿಮಿಷಕ್ಕೆ ಇಳಿದು ಅಂಚಿನಲ್ಲಿ ಉಂಗುರವಾಗಿ ನಿಂತಿತು. ನೊರೆ ಬೇಗ ಬೀಳಲು ಕಾರಣ ಲೋಟದ ಜಿಡ್ಡೂ ಆಗಬಹುದು, ಬಿಯರಿನೊಳಗಿನ ಕೊಬ್ಬೂ ಆಗಬಹುದು, ಗ್ಯಾಸ್ ಕಡಿಮೆ ಇದ್ದರೂ ಆಗಬಹುದು. ಲೋಟದ ಒಳಗೋಡೆಗೆ ಗುಳ್ಳೆಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದರೆ ತಪ್ಪು ತೊಳೆದವರದು. ಇಲ್ಲಿ ಗೋಡೆ ತಿಳಿಯಾಗಿತ್ತು, ಗುಳ್ಳೆಗಳು ತಳದಿಂದ ಸಣ್ಣಗೆ ಏರುತ್ತಲೇ ಇದ್ದವು. ಅಂದರೆ ಕೋಕೋ. ನಿಬ್ಸ್‌ನ ತೂಕದಲ್ಲಿ ಸುಮಾರು ಅರ್ಧ ಕೊಬ್ಬೇ. ಅದರಲ್ಲಿ ಚೂರು ಬಿಯರಿಗೆ ಇಳಿದರೂ ನೊರೆಯನ್ನು ಹಿಡಿದಿಡುವ ಪ್ರೋಟೀನಿನ ಜಾಲ ಹರಿಯುತ್ತದೆ. ಕೋಕೋ ಹಾಕಿದ ಬಿಯರಿನಲ್ಲಿ ಎತ್ತರದ ನೊರೆ ಇಲ್ಲದ್ದನ್ನು ದೋಷವೆಂದು ಬರೆದುಕೊಳ್ಳಬಾರದು. ಮೇಲ್ಮೈಯಲ್ಲಿ ಬಣ್ಣಬಣ್ಣದ ಎಣ್ಣೆಪದರ ತೇಲಿದರೆ ಮಾತ್ರ ಕೊಬ್ಬನ್ನು ಸರಿಯಾಗಿ ತೆಗೆದಿಲ್ಲ ಎಂದರ್ಥ.

ಬೆಳಕಿಗೆ ಹಿಡಿದರೆ ಕಪ್ಪಲ್ಲ. ಲೋಟದ ಕೆಳಅಂಚಿನಲ್ಲಿ ಮಾಣಿಕ್ಯದ ಕೆಂಪು. 18ನೇ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಹೊರೆ ಹೊರುವ ಕೂಲಿಗಳು ಮೆಚ್ಚಿ ಕುಡಿಯುತ್ತಿದ್ದರಿಂದ ಪೋರ್ಟರ್ ಎಂಬ ಹೆಸರು ಬಂತು. ಆಗಿನದು ಕಂದು ಮಾಲ್ಟಿನ ಬಿಯರ್. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಳಕೆಗೆ ಬಂದಮೇಲೆ ಕಂದು ಮಾಲ್ಟಿಗಿಂತ ತಿಳಿಬಣ್ಣದ ಮಾಲ್ಟಿನಲ್ಲಿ ಸಕ್ಕರೆ ಹೆಚ್ಚು ಸಿಗುತ್ತದೆಂದು ಲೆಕ್ಕ ಸಿಕ್ಕಿತು. ಬಿಯರ್ ತಯಾರಿಸುವ ಬ್ರೂವರ್‌ಗಳು ಆ ಕಡೆ ವಾಲಿದರು, ಬಣ್ಣ ಕೈಬಿಟ್ಟಿತು. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಮಾಲ್ಟನ್ನು ತಿರುಗುವ ಡ್ರಮ್ಮಿನಲ್ಲಿ ಕಾಫಿ ಬೀಜದಂತೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಹಿಡಿಯಷ್ಟು ಕರಿ ಮಾಲ್ಟ್ ಹಾಕಿ ಇಡೀ ತೊಟ್ಟಿಗೆ ಬಣ್ಣ ಕೊಡುವ ಪದ್ಧತಿ ಅಲ್ಲಿಂದ ಬಂದದ್ದು. ಅದೇ ಹುರಿಯುವಿಕೆಯನ್ನು ಸ್ವಲ್ಪ ಮೊದಲೇ ನಿಲ್ಲಿಸಿದರೆ ಚಾಕೊಲೇಟ್ ಮಾಲ್ಟ್.

5 ಡಿಗ್ರಿಯಲ್ಲಿ ಮೊದಲ ಗುಟುಕು. ಮೂಗಿಗೆ ಬಹುತೇಕ ಏನೂ ಇಲ್ಲ, ದೂರದಲ್ಲೆಲ್ಲೋ ಬ್ರೆಡ್ ಸೀದ ಹಾಗೆ. ಬಾಯಲ್ಲಿ ಮೊದಲು ಗ್ಯಾಸಿನ ಚುರುಕು, ಹಿಂದೆಯೇ ಕಹಿ, ಆಮೇಲೆ ತೆಳುವಾಗಿ ಹರಿದುಹೋದ ಭಾವ. ಚಾಕೊಲೇಟೂ ಇಲ್ಲ, ವೆನಿಲಾವೂ ಇಲ್ಲ. ಇದು ಬಿಯರಿನ ತಪ್ಪಲ್ಲ, ಚಳಿಯ ಕೆಲಸ. ತಣ್ಣಗಿದ್ದಷ್ಟೂ ಘಮದ ಕಣಗಳು ದ್ರವ ಬಿಟ್ಟು ಮೇಲೇಳುವುದಿಲ್ಲ, ನಾಲಿಗೆಗೆ ಸಿಹಿಯೂ ಸರಿಯಾಗಿ ತಾಕುವುದಿಲ್ಲ. ಕಹಿ ಮತ್ತು ಗ್ಯಾಸು ಮಾತ್ರ ಎದ್ದು ನಿಲ್ಲುತ್ತವೆ. ಅದರಲ್ಲೂ ವೆನಿಲಾದ ಘಮದ ಮುಖ್ಯ ಅಂಶವಾದ ವೆನಿಲಿನ್ ಮಹಾ ಸೋಮಾರಿ. ಅದು ಕುದಿಯುವುದೇ 285 ಡಿಗ್ರಿಯ ಸುಮಾರಿಗೆ; ಫ್ರಿಜ್ಜಿನ ಚಳಿಯಲ್ಲಿ ಅದನ್ನು ಮೂಗಿಗೆ ಕರೆಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಈ ಗುಟುಕಿನಲ್ಲಿ ಗಮನಿಸಬೇಕಾದದ್ದು ತಳದ ಪೋರ್ಟರ್ ಒಂದನ್ನೇ. ಅಲಂಕಾರ ಕಳಚಿ ನಿಂತಾಗ ಅದು ಬಿಯರ್ ಅನ್ನಿಸುತ್ತದೆಯೇ ಇಲ್ಲವೇ? ಈ ಲೋಟದ್ದು ಅನ್ನಿಸಿತು: ಕಹಿ ಒಣಗಿತ್ತು, ಆದರೆ ನೇರವಾಗಿತ್ತು.

ಎರಡನೇ ಗುಟುಕಿಗೆ ಮೊದಲು ಲೋಟವನ್ನು ಅಂಗೈಗಳ ನಡುವೆ ಹಿಡಿದು ನಿಧಾನ ತಿರುಗಿಸುತ್ತ ಕೂತರೆ 12 ನಿಮಿಷಕ್ಕೆ 9 ಡಿಗ್ರಿ ಮುಟ್ಟಿತು. ಮೈಕ್ರೋವೇವಿನ, ಬಿಸಿನೀರಿನ ದಾರಿ ಹಿಡಿಯಬೇಡಿ. ಒಂದು ಪದರ ಬಿಸಿಯಾಗಿ ಗ್ಯಾಸು ಒಮ್ಮೆಲೇ ಹಾರಿಹೋಗುತ್ತದೆ.

ಚಾಕೊಲೇಟ್ ಬಂದದ್ದು ಆಗ. ಮೊದಲು ಮೂಗಿಗೆ ಸಕ್ಕರೆ ಹಾಕದ ಕೋಕೋ ಪುಡಿಯ ಡಬ್ಬಿ ತೆರೆದ ಹಾಗೆ, ನುಂಗಿದ ಮೇಲೆ ಗಂಟಲ ಹಿಂದಿನಿಂದ ಮತ್ತೊಮ್ಮೆ. ಈ ಎರಡನೆಯದೇ ನಿಜವಾದ ರುಚಿ ಎಂದು ಬಹಳ ಜನ ತಿಳಿದಿರುವುದಿಲ್ಲ. ಮೂಗು ಬಿಗಿಯಾಗಿ ಹಿಡಿದು ಒಂದು ಗುಟುಕು ಬಾಯಲ್ಲಿಟ್ಟು ನೋಡಿ. ಕಹಿ, ತುಸು ಹುಳಿ, ತುಸು ಸಿಹಿ, ಅಷ್ಟೇ. ಯಾವ ಕಪ್ಪು ಬಿಯರಾದರೂ ಆಗಬಹುದು. ನುಂಗಿ, ಬೆರಳು ಬಿಟ್ಟು, ಮೂಗಿನಿಂದ ಉಸಿರು ಹೊರಹಾಕಿದ ಕ್ಷಣಕ್ಕೆ ಚಾಕೊಲೇಟೂ ವೆನಿಲಾವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಎರಡೂ ನಾಲಿಗೆಯ ಸೊತ್ತಲ್ಲ, ಮೂಗಿನ ಸೊತ್ತು. ಮೂಗು ಕಟ್ಟಿದ ದಿನ ಈ ಬಾಟಲಿ ತೆರೆಯುವುದು ವ್ಯರ್ಥ.

ಈ ಚಾಕೊಲೇಟ್ ಮಾಲ್ಟಿನದೋ ನಿಬ್ಸ್‌ನದೋ ಎಂದು ಬಿಡಿಸುವುದು ರುಚಿ ನೋಡುವವರ ನೆಚ್ಚಿನ ಜಗಳ. ಕೋಕೋ ಬೀಜ ಹುರಿದಾಗಲೂ ಮಾಲ್ಟ್ ಹುರಿದಾಗಲೂ ನಡೆಯುವುದು ಒಂದೇ ಬಗೆಯ ರಾಸಾಯನಿಕ ಕ್ರಿಯೆ, ಹುಟ್ಟುವುದೂ ಪೈರಜೀನ್‌ಗಳಂಥ ಒಂದೇ ಕುಟುಂಬದ ವಾಸನೆಗಳು. ಅದಕ್ಕೇ ಇವೆರಡರ ಹೊಂದಾಣಿಕೆ ಇಷ್ಟು ಸಹಜ, ಅದಕ್ಕೇ ಗೊಂದಲವೂ. ಗುರುತು ಹಿಡಿಯಲು ಒಂದು ದಾರಿ ಇದೆ. ಮಾಲ್ಟಿನ ಚಾಕೊಲೇಟ್ ಒಣ, ಕಾಫಿಯ ಪಕ್ಕದ ಮನೆಯದು, ಗುಟುಕಿನ ಮೊದಲರ್ಧದಲ್ಲೇ ಬಂದು ಹೋಗುತ್ತದೆ. ನಿಬ್ಸ್‌ನ ಚಾಕೊಲೇಟಿಗೆ ಒಂದು ಹಣ್ಣಿನ ಹುಳಿ ಇರುತ್ತದೆ, ಬೀಜ ಹುದುಗಿದಾಗ ಬಂದದ್ದು. ನುಂಗಿದ ಮೇಲೆ ಅಂಗುಳಿನಲ್ಲಿ ನಿಧಾನವಾಗಿ ಬೆಳೆಯುತ್ತದೆ. ಈ ಲೋಟದಲ್ಲಿ ಎರಡೂ ಇದ್ದವು, ನಿಬ್ಸ್ ಸ್ವಲ್ಪ ಹಿಂದೆ ಬಿದ್ದಿತ್ತು.

ಕಹಿ ಮತ್ತು ಒಗರನ್ನು ಬೇರೆ ಮಾಡಿ ನೋಡುವುದೂ ಇಲ್ಲೇ. ಕಹಿ ನಾಲಿಗೆಯಲ್ಲಿ ತಾಕಿ ಮುಂದೆ ಸಾಗುತ್ತದೆ. ಒಗರು ಕೆನ್ನೆಯ ಒಳಭಾಗವನ್ನು ಹಿಂಡಿ, ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಉಜ್ಜುಕಾಗದದ ಹಾಗೆ ತರಿತರಿ ಮಾಡುತ್ತದೆ. ಹುರಿದ ಮಾಲ್ಟಿನ ಬಿಯರಿನಲ್ಲಿ ತುಸು ಒಗರು ಇದ್ದದ್ದೇ. ಅತಿಯಾಗಿದ್ದರೆ ಮೂಲ ಎರಡು ಕಡೆ ಹುಡುಕಬೇಕು. ಮಾಲ್ಟ್ ತೊಳೆಯುವ ನೀರು 77 ಡಿಗ್ರಿ ದಾಟಿ, ಜೊತೆಗೆ ಪಿಎಚ್ 6ರ ಮೇಲೆ ಹೋದಾಗ ಹೊಟ್ಟಿನಲ್ಲಿರುವ ಒಗರಿನ ಅಂಶ, ಟ್ಯಾನಿನ್, ಇಳಿದುಬರುತ್ತದೆ. ಇಲ್ಲವೇ ನಿಬ್ಸನ್ನು ಬಿಯರಿನಲ್ಲಿ ವಾರಗಟ್ಟಲೆ ನೆನೆಯಲು ಬಿಟ್ಟಿರುತ್ತಾರೆ. 20 ಲೀಟರಿಗೆ 150 ಗ್ರಾಂ ನಿಬ್ಸ್, ಐದು ದಿನ, ಇದು ಸುರಕ್ಷಿತ ಲೆಕ್ಕ. ನಾಲ್ಕನೇ ದಿನದಿಂದ ದಿನಾ ರುಚಿ ನೋಡಬೇಕು. ಇನ್ನೂ ಎರಡು ವಾರ ಬಿಟ್ಟರೆ ಚಾಕೊಲೇಟ್ ದುಪ್ಪಟ್ಟಾಗುವುದಿಲ್ಲ, ಒಗರು ಆಗುತ್ತದೆ. ಬೂದಿಯ, ಆರಿದ ಇದ್ದಿಲಿನ ರುಚಿ ಬಂದರೆ ಅದು ಬೇರೆಯೇ ವಿಷಯ: ಕರಿ ಮಾಲ್ಟ್ ಜಾಸ್ತಿ. ಐದು ಕಿಲೋ ಧಾನ್ಯಕ್ಕೆ ಚಾಕೊಲೇಟ್ ಮಾಲ್ಟ್ 250 ಗ್ರಾಂ, ಕರಿ ಮಾಲ್ಟ್ 100 ಗ್ರಾಂ ದಾಟದಿದ್ದರೆ ಈ ತೊಂದರೆ ಅಪರೂಪ.

25ನೇ ನಿಮಿಷ, 12 ಡಿಗ್ರಿ. ಇದು ಈ ಬಿಯರಿನ ಜಾಗ. ಯಾರೂ ಏನೂ ಮಾಡದೆ ಲೋಟ ತಾನಾಗಿ ದುಂಡಗಾಯಿತು. ಕಹಿ ಕಡಿಮೆಯಾದಂತೆ ಅನ್ನಿಸಿತು, ಕಡಿಮೆಯಾಗಿರಲಿಲ್ಲ; ಅದರ ಮೇಲೆ ವೆನಿಲಾ ಬಂದು ಕೂತಿತ್ತು. ಚಾಕೊಲೇಟಿನ ಹುಳಿ ಮುಚ್ಚಿಹೋಗಿ ಹಾಲು ಬೆರೆಸಿದ ಚಾಕೊಲೇಟ್ ಅನ್ನಿಸತೊಡಗಿತು. ಲೇಬಲ್ಲಿನಲ್ಲಿ ಲ್ಯಾಕ್ಟೋಸ್ ಇರಲಿಲ್ಲ ಎಂಬುದು ಇಲ್ಲಿ ನೆನಪಿರಲಿ. ವೆನಿಲಾಗೆ ಸಿಹಿ ಇಲ್ಲ. ಕಾಯಿಯನ್ನು ಹಾಗೇ ಅಗಿದರೆ ಕಹಿ, ಕಟ್ಟಿಗೆ. ಸಿಹಿತಿಂಡಿಗಳ ಜೊತೆಗೇ ಮೂಗು ಅದನ್ನು ಕಲಿತಿರುವುದರಿಂದ ಆ ಘಮ ಬಂದರೆ ಮೆದುಳು ತಾನೇ ಸಿಹಿ ಸೇರಿಸಿಕೊಳ್ಳುತ್ತದೆ. ಒಳ್ಳೆಯ ಬ್ರೂವರ್ ಈ ಭ್ರಮೆಯನ್ನೇ ದುಡಿಸಿಕೊಂಡು ಬಿಯರನ್ನು ಒಣಗಿಯೇ ಇಡುತ್ತಾನೆ, ಅಂತಿಮ ಗ್ರ್ಯಾವಿಟಿ, ಅಂದರೆ ಹುದುಗು ಮುಗಿದ ಮೇಲೆ ನೀರಿಗೆ ಹೋಲಿಸಿದ ಸಾಂದ್ರತೆ, 1.014ರ ಸುಮಾರಿಗೆ. ಅದನ್ನು ನಂಬದವನು ಸಕ್ಕರೆಯನ್ನೂ ವೆನಿಲಾವನ್ನೂ ಎರಡನ್ನೂ ತುಂಬುತ್ತಾನೆ. ಅಂಥದ್ದರ ಮೊದಲ ಗುಟುಕು ಅದ್ಭುತ, ಮೂರನೆಯದಕ್ಕೆ ಲೋಟ ದೂರ ಸರಿಯುತ್ತದೆ.

ವೆನಿಲಾ ಅಸಲಿಯೋ ಎಸೆನ್ಸೋ ಎನ್ನುವುದೂ ಈ ಡಿಗ್ರಿಯಲ್ಲೇ ತಿಳಿಯುತ್ತದೆ. ವೆನಿಲಾ ಮೂಲತಃ ಮೆಕ್ಸಿಕೋದ ಆರ್ಕಿಡ್ ಬಳ್ಳಿ. ಹೊರದೇಶಗಳಲ್ಲಿ ಬಳ್ಳಿ ಬೆಳೆದರೂ ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಕಡ್ಡಿಯೊಂದರಿಂದ ಹೂವಿಗೆ ಕೈಯಾರೆ ಪರಾಗಸ್ಪರ್ಶ ಮಾಡುವ ಉಪಾಯ ಕಂಡುಕೊಂಡ; ಇವತ್ತಿಗೂ ತೋಟಗಳಲ್ಲಿ ನಡೆಯುವುದು ಅದೇ ಕೈಕೆಲಸ. ಹಸಿರು ಕಾಯಿಗೆ ಘಮವಿಲ್ಲ. ಬಿಸಿನೀರಿನಲ್ಲದ್ದಿ, ಬೆವರಿಸಿ, ಒಣಗಿಸಿ, ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಹದ ಮಾಡಿದ ಮೇಲೆ ಒಳಗಿನ ಕಿಣ್ವಗಳು ವೆನಿಲಿನ್ನನ್ನು ಬಿಡಿಸಿಕೊಡುತ್ತವೆ. ಆ ಹದದಲ್ಲಿ ವೆನಿಲಿನ್ ಒಂದೇ ಅಲ್ಲ, ಕಟ್ಟಿಗೆ, ಒಣಹಣ್ಣು, ಹದ ಮಾಡಿದ ತಂಬಾಕಿನ ಎಲೆ, ಹೀಗೆ ನೂರಾರು ಸಣ್ಣ ವಾಸನೆಗಳೂ ಸೇರುತ್ತವೆ. ಎಸೆನ್ಸಿನದು ಒಂದೇ ಸ್ವರ. ಮುಚ್ಚಳ ತೆಗೆದ ಕೂಡಲೇ ಎದ್ದು ಬರುತ್ತದೆ, ಗುಟುಕಿನಿಂದ ಗುಟುಕಿಗೆ ಬದಲಾಗುವುದಿಲ್ಲ, ನುಂಗಿದ ಮೇಲೆ ಥಟ್ಟನೆ ನಿಲ್ಲುತ್ತದೆ. ಕಾಯಿಯದು ತಡವಾಗಿ ಬಂದು, ಪೋರ್ಟರಿನ ಹುರಿದ ವಾಸನೆಯೊಳಗೆ ನೆಂಟನ ಹಾಗೆ ಸೇರಿಕೊಳ್ಳುತ್ತದೆ. ಈ ಲೋಟದ್ದು ಎರಡನೇ ಜಾತಿ. ಎಸೆನ್ಸ್ ಹಾಕಿದ್ದೆಲ್ಲ ಕೆಟ್ಟದ್ದೆಂದಲ್ಲ. ಅಳತೆ ಮೀರುವುದು ಅದರಲ್ಲಿ ಬಹಳ ಸುಲಭ, ಒಮ್ಮೆ ಮೀರಿದರೆ ವಾಪಸ್ಸು ದಾರಿಯಿಲ್ಲ.

ವೆನಿಲಾ ಇರುವ ಬಿಯರಿನಲ್ಲಿ ಅನುಭವಸ್ಥರೂ ಎಡವುವ ಒಂದು ಜಾಗವಿದೆ: ಡೈಅಸಿಟೈಲ್. ಯೀಸ್ಟ್ ಹುದುಗುವಾಗ ಹುಟ್ಟುವ ಬೆಣ್ಣೆಯ ವಾಸನೆ ಅದು, ಯೀಸ್ಟೇ ಕೊನೆಯಲ್ಲಿ ಅದನ್ನು ತಿಂದು ಮುಗಿಸಬೇಕು. ಅವಸರಕ್ಕೆ ಬಿಯರನ್ನು ಬೇಗ ತಣ್ಣಗೆ ಮಾಡಿದರೆ, ಯೀಸ್ಟನ್ನು ಬೇಗ ತೆಗೆದರೆ ಉಳಿದುಬಿಡುತ್ತದೆ. ಸಾದಾ ಪೋರ್ಟರಿನಲ್ಲಿ ಬೆಣ್ಣೆ ವಾಸನೆ ಎದ್ದು ಕಾಣುತ್ತದೆ. ವೆನಿಲಾದ ಜೊತೆ ಸೇರಿದರೆ ಬಟರ್‌ಸ್ಕಾಚ್ ಆಗಿ "ಆಹಾ" ಅನ್ನಿಸಿಕೊಳ್ಳುತ್ತದೆ. ಪತ್ತೆ ಹಚ್ಚಬೇಕಾದದ್ದು ನಾಲಿಗೆಯಲ್ಲಿ: ಎಣ್ಣೆ ಸವರಿದಂಥ ಜಾರು ಉಳಿದರೆ ಅನುಮಾನ ಪಡಿ. ಬ್ರೂವರ್‌ಗಳ ಬಳಿ ಇನ್ನೂ ಖಚಿತ ಪರೀಕ್ಷೆ ಇದೆ. ವೆನಿಲಾ ಹಾಕುವ ಮೊದಲು ಎರಡು ಲೋಟ ಮಾದರಿ ತೆಗೆದು, ಒಂದನ್ನು ಮುಚ್ಚಿ 60ರಿಂದ 65 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ತಣ್ಣಗಾದ ಮೇಲೆ ಎರಡನ್ನೂ ಮೂಸುವುದು. ಬಿಸಿಮಾಡಿದ್ದರಲ್ಲಿ ಬೆಣ್ಣೆ ಬಂದರೆ ಯೀಸ್ಟಿಗೆ ಇನ್ನೂ ಎರಡು ಮೂರು ದಿನ ಬೆಚ್ಚಗೆ ಬಿಡಬೇಕು. ವೆನಿಲಾ ಹಾಕಿದ ಮೇಲೆ ಈ ಪರೀಕ್ಷೆ ಮಾಡಿದರೆ ಮೂಗು ಸುಳ್ಳು ಹೇಳುತ್ತದೆ.

45ನೇ ನಿಮಿಷಕ್ಕೆ 16 ಡಿಗ್ರಿ. ಉಳಿದದ್ದು ಎರಡು ಗುಟುಕು. ಗ್ಯಾಸು ಬಹುತೇಕ ಹೋಗಿತ್ತು, ವೆನಿಲಾ ಮುಂದೆ ಬಂದು ಚಾಕೊಲೇಟನ್ನು ಪಕ್ಕಕ್ಕೆ ತಳ್ಳಿತ್ತು, ಗಂಟಲಲ್ಲಿ ಆಲ್ಕೋಹಾಲಿನ ಬಿಸಿ ಮೊದಲ ಸಲ ತಿಳಿಯಿತು. ಕುಡಿಯಲು ಹಿತವಾದ ಘಟ್ಟ ಇದಲ್ಲ, ಆದರೂ ಇಲ್ಲಿಯವರೆಗೆ ಎರಡು ಗುಟುಕು ಉಳಿಸಿಕೊಳ್ಳಲೇಬೇಕು. ಬಿಯರಿನ ಒಳಗುಟ್ಟು ಬಯಲಾಗುವುದು ಬೆಚ್ಚಗಾದಾಗಲೇ. ಒದ್ದೆ ರಟ್ಟಿನ ವಾಸನೆ ಬಂದರೆ ತುಂಬುವಾಗ ಗಾಳಿ ಸೇರಿದೆ. ಸೋಯಾ ಸಾಸಿನ ಉಪ್ಪುಉಪ್ಪು ವಾಸನೆಯಾದರೆ ಸತ್ತ ಯೀಸ್ಟಿನ ಮೇಲೆ ಬಿಯರ್ ತಿಂಗಳುಗಟ್ಟಲೆ ಕೂತಿದೆ. ಹಸಿ ಸೇಬಿನ ವಾಸನೆ ಇದ್ದರೆ ಹುದುಗು ಮುಗಿಯುವ ಮೊದಲೇ ಬಾಟಲಿ ಸೇರಿದೆ. ಚೂಪಾದ ಹುಳಿ ಬಂದು, ತೆರೆಯುವಾಗ ಬಾಟಲಿ ಉಕ್ಕಿದ್ದೂ ನಿಜವಾದರೆ ಸೋಂಕು. ಸರಿಯಾಗಿ ಶುದ್ಧಮಾಡದ ವೆನಿಲಾ ಕಾಯಿ, ನಿಬ್ಸ್ ಜೊತೆಯಲ್ಲೇ ಅದು ಒಳಹೊಕ್ಕಿರಬಹುದು. ಈ ಲೋಟದಲ್ಲಿ ಸಿಕ್ಕಿದ್ದು ತುಸುವೇ ಒಣದ್ರಾಕ್ಷಿಯ ಛಾಯೆ, ಲೆಕ್ಕಕ್ಕೆ ಬರುವಂಥದ್ದಲ್ಲ.

ತಳದ 30 ಮಿ.ಲೀ.ಯನ್ನು ಬೇರೆ ಸಣ್ಣ ಲೋಟಕ್ಕೆ ಹಾಕಿ ನೋಡಿದ್ದಾಯಿತು. ಮಣ್ಣುಮಣ್ಣು, ಬ್ರೆಡ್ಡಿನ ಹಿಟ್ಟು, ಕೋಕೋದ ತರಿ. ಮುಖ್ಯ ಲೋಟಕ್ಕೆ ಇದನ್ನು ಬೆರೆಸಿದ್ದರೆ 12 ಡಿಗ್ರಿಯ ಆ ದುಂಡು ಕೆಡುತ್ತಿತ್ತು.

ವೆನಿಲಾ ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಸಿಗುವುದಿಲ್ಲ, ಸಿರಿಂಜು ಬೇಕು. ಎರಡು ವೆನಿಲಾ ಕಾಯಿಗಳನ್ನು ಉದ್ದಕ್ಕೆ ಸೀಳಿ, ಒಳಗಿನ ಕರಿ ಕಾಳನ್ನು ಚಾಕುವಿನ ಹಿಂಬದಿಯಿಂದ ಕೆರೆದು, ಸಿಪ್ಪೆ ಸಮೇತ 60 ಮಿ.ಲೀ. ವೋಡ್ಕಾದಲ್ಲಿ ಒಂದು ವಾರ ನೆನೆಸಿಡಿ. ಸಾದಾ ಪೋರ್ಟರನ್ನು ನಾಲ್ಕು ಲೋಟಗಳಿಗೆ ತಲಾ 100 ಮಿ.ಲೀ. ಸುರಿದು, ಒಂದಕ್ಕೆ ಏನೂ ಹಾಕದೆ, ಉಳಿದವಕ್ಕೆ 0.1, 0.3, 0.6 ಮಿ.ಲೀ. ಸಾರ ಬಿಡಿ. 12 ಡಿಗ್ರಿಯಲ್ಲಿ ರುಚಿ ನೋಡಿ. ಹೆಚ್ಚಾಗಿ 0.1ರಲ್ಲಿ ವೆನಿಲಾ ಎಂದು ಗುರುತು ಸಿಗದಿದ್ದರೂ ಬಿಯರ್ ಮೆತ್ತಗಾಗಿರುತ್ತದೆ, 0.6ರಲ್ಲಿ ಪೋರ್ಟರ್ ಎಂಬುದೇ ಮರೆತಿರುತ್ತದೆ. 0.3 ಒಪ್ಪಿತವಾದರೆ ಲೀಟರಿಗೆ 3, 20 ಲೀಟರಿಗೆ ಸರಿಯಾಗಿ 60 ಮಿ.ಲೀ.; ವೋಡ್ಕಾದಿಂದ ಏರುವ ಆಲ್ಕೋಹಾಲ್ ಶೇಕಡ 0.1ರ ಆಸುಪಾಸು ಮಾತ್ರ. ನಿಬ್ಸ್ ಸಾರವನ್ನೂ ಹೀಗೇ ಮಾಡಬಹುದು. ಅದನ್ನು ಒಂದು ರಾತ್ರಿ ಫ್ರೀಜರಿನಲ್ಲಿಡಿ: ವೋಡ್ಕಾ ಹೆಪ್ಪುಗಟ್ಟುವುದಿಲ್ಲ, ಕೊಬ್ಬು ಮೇಲೆ ಬಿಳಿ ಕೆನೆಯಾಗಿ ಕಟ್ಟುತ್ತದೆ. ತಣ್ಣಗಿರುವಾಗಲೇ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿದರೆ ನೊರೆಯ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ತಾನು ಕಂಡುಕೊಂಡದ್ದು ನಿಜವೋ ಲೇಬಲ್ ಓದಿದ್ದರ ಪ್ರಭಾವವೋ ಎಂಬ ಅನುಮಾನ ಬಂದವರು ಮೂರು ಲೋಟದ ಆಟ ಆಡಬಹುದು. ಎರಡರಲ್ಲಿ ಸಾದಾ, ಒಂದರಲ್ಲಿ ವೆನಿಲಾದ್ದು, ಬೇರೆಯವರ ಕೈಯಿಂದ ಸುರಿಸಿ ಬೇರೆಯದನ್ನು ಹುಡುಕುವುದು. ಊಹೆಯಿಂದಲೇ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಒಮ್ಮೆ ಗೆದ್ದು ಬೀಗಬಾರದು. ಐದಾರು ಸುತ್ತು ಆಡಿ, ನಡುವೆ ನೀರಿನಿಂದ ಬಾಯಿ ತೊಳೆದುಕೊಳ್ಳಬೇಕು.

ಕುಡಿದು ಮುಗಿದ ಲೋಟವನ್ನು ಕೂಡಲೇ ತೊಳೆಯಬೇಡಿ. ಹತ್ತು ನಿಮಿಷ ಹಾಗೇ ಬಿಟ್ಟು, ತಳದ ಹನಿ ಒಣಗಿದ ಮೇಲೆ ಒಳಗೆ ಮೂಗಿಟ್ಟು ನೋಡಿ. ಬೇಗ ಹಾರುವ ವಾಸನೆಗಳೆಲ್ಲ ಹೋಗಿ ಭಾರದವಷ್ಟೇ ಉಳಿದಿರುತ್ತವೆ. ಎಸೆನ್ಸ್ ಹಾಕಿದ್ದರೆ ಖಾಲಿ ಮಿಠಾಯಿ ಡಬ್ಬಿಯ ವಾಸನೆ. ಈ ಲೋಟದಲ್ಲಿ ಉಳಿದಿದ್ದದ್ದು ಒಣ ಕಟ್ಟಿಗೆ, ಅದರಡಿಯಲ್ಲಿ ಮಂದವಾಗಿ ವೆನಿಲಾ.